ಜೀನ್ ಫ್ರಾಂಕೊ ನಡೆದ ಹಾದಿ

ಪ್ರಶ್ನೆ: ಲ್ಯಾಟಿನ್ ಅಮೆರಿಕದ ಸಂಸ್ಕೃತಿಯನ್ನು ಸ್ತ್ರೀವಾದಿ ದೃಷ್ಟಿಯಿಂದ ಅಧ್ಯಯನ ಮಾಡಿದ ಜೀನ್ ಫ್ರಾಂಕೊ ಅವರು ಇಂಗ್ಲೆಂಡಿನವರಂತೆ. ಅವರು ಈ ಕ್ಷೇತ್ರಕ್ಕೆ ಬಂದದ್ದು ಹೇಗೆ? ಅವರ ಮುಖ್ಯ ಕೊಡುಗೆ ಏನು?

ಉತ್ತರ: 1924ರಲ್ಲಿ ಜನಿಸಿದ ಫ್ರಾಂಕೊ 1950ರ ದಶಕದಲ್ಲಿ ಗ್ವಾಟೆಮಾಲ ಮತ್ತು ಮೆಕ್ಸಿಕೊಗಳಲ್ಲಿ ನೆಲೆಸಿದ್ದರು, 1954ರಲ್ಲಿ ಗ್ವಾಟೆಮಾಲದ ಚುನಾಯಿತ ಸರ್ಕಾರ ಉರುಳಿದ್ದನ್ನು ಹತ್ತಿರದಿಂದ ಕಂಡವರು. ಮುಂದೆ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ, ಬ್ರಿಟನ್ನಿನಲ್ಲೇ ಮೊದಲಿಗರಾಗಿ, ಲ್ಯಾಟಿನ್ ಅಮೆರಿಕನ್ ಸಾಹಿತ್ಯದ ಪ್ರಾಧ್ಯಾಪಕರಾದರು. ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದರು.

ಅವರ ಕೃತಿಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಮೆಕ್ಸಿಕೊದ ಮಹಿಳೆಯರನ್ನು ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನ. ಹದಿನೇಳನೆಯ ಶತಮಾನದ ಕ್ರೈಸ್ತ ಸನ್ಯಾಸಿನಿಯರು ತಮಗಾದ ದಿವ್ಯದರ್ಶನಗಳನ್ನು ಪಾದ್ರಿಗಳ ಅಪ್ಪಣೆಯಂತೆ ಬರೆದಿಡಬೇಕಿತ್ತು. ಬರೆದ ಹಾಳೆಗಳು ಅದೇ ಪಾದ್ರಿಗಳ ಕೈಸೇರುತ್ತಿದ್ದವು. ವಿಧೇಯತೆಗಾಗಿ ಬರೆಸಿದ ಆ ಸಾಲುಗಳ ಸಂದಿಯಲ್ಲೂ ಹೆಣ್ಣಿನ ಸ್ವಂತ ದನಿ ಹೇಗೆ ಉಳಿದುಕೊಂಡಿತು ಎಂಬುದನ್ನು ಫ್ರಾಂಕೊ ಅಪಾರ ತಾಳ್ಮೆಯಿಂದ ಗುರುತಿಸುತ್ತಾರೆ. ಅಕ್ಕನ ವಚನಗಳನ್ನು ಓದಿ ಬೆಳೆದ ನಮಗೆ ಈ ಪ್ರಶ್ನೆ ದೂರದ್ದೆನಿಸದು. 2022ರಲ್ಲಿ ನಿಧನರಾದ ಅವರು ತೊಂಬತ್ತರ ಅಂಚಿನಲ್ಲೂ ಕ್ರೌರ್ಯ ಮತ್ತು ಆಧುನಿಕತೆಯ ನಂಟನ್ನು ಕುರಿತು ಬರೆಯುತ್ತಿದ್ದರು.