ಮೇಡಂ ಜೊತೆ ಮಾತು: ಚಂದಾ ಎತ್ತುವ ಮಕ್ಕಳು

(ಉತ್ತರಿಸುವವರು ಮೈಸೂರಿನ ನಿವೃತ್ತ ವಾಣಿಜ್ಯಶಾಸ್ತ್ರ ಅಧ್ಯಾಪಕಿ. ಬಹಳ ವರ್ಷ ಕಾಲೇಜಿನ ಎನ್‌ಎಸ್‌ಎಸ್ ಘಟಕ ನೋಡಿಕೊಂಡವರು.)

ಪ್ರಶ್ನೆ: ಮೇಡಂ, ನಾವು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇವೆ. ಕೆ.ಆರ್. ಆಸ್ಪತ್ರೆಗೆ ಹಳ್ಳಿಗಳಿಂದ ರೋಗಿಗಳ ಜೊತೆ ಬರುವವರಿಗೆ ಕಂಬಳಿ ಕೊಡೋಣ ಅಂತ ಹಣ ಸೇರಿಸುತ್ತಿದ್ದೇವೆ. ನನ್ನ ಫೋನಿನ ಕ್ಯೂಆರ್ ಕೋಡನ್ನೇ ಎಲ್ಲರಿಗೂ ಕಳಿಸಿದ್ದೇನೆ. ಬಯಲು ರಂಗಮಂದಿರದಲ್ಲಿ ಒಂದು ಸಂಗೀತ ಸಂಜೆ ಮಾಡುವ ಆಸೆಯೂ ಇದೆ. ಮೊನ್ನೆ ಒಬ್ಬ ಸೀನಿಯರ್ ಎಲ್ಲರ ಎದುರು "ದುಡ್ಡು ಯಾರ ಜೇಬಿಗೆ ಹೋಗುತ್ತೆ?" ಅಂದುಬಿಟ್ಟ. ತುಂಬಾ ಬೇಜಾರಾಗಿದೆ. ಬಿಟ್ಟುಬಿಡಲಾ?
— ಹೆಸರು ಬೇಡ, ಮೈಸೂರು

ಉತ್ತರ: ಬಿಡಬೇಡಿ. ಆ ಸೀನಿಯರ್‌ಗೆ ಒಂದು ಕಾಫಿ ಕೊಡಿಸಿ. ನಾಳೆ ಹತ್ತು ಜನ ಬೆನ್ನ ಹಿಂದೆ ಆಡಿಕೊಳ್ಳುವ ಮಾತನ್ನು ಅವನು ಇವತ್ತೇ ಎದುರಿಗೆ ಕೇಳಿದ್ದಾನೆ. ಲೆಕ್ಕ ನೋಡಲು ಅವನನ್ನೇ ಕೂರಿಸಿ. ತಕರಾರು ತೆಗೆಯುವವರು ಒಳ್ಳೆಯ ಆಡಿಟರ್ ಆಗುತ್ತಾರೆ.

ಮೊದಲು ನಿಮ್ಮ ಕ್ಯೂಆರ್ ಕೋಡ್ ವಾಪಸ್ ತೆಗೆದುಕೊಳ್ಳಿ. ಇವತ್ತೇ. ನೀವು ಪ್ರಾಮಾಣಿಕರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಪ್ಪ ಕಳಿಸಿದ ದುಡ್ಡು, ಮೆಸ್ ಬಿಲ್, ರೀಚಾರ್ಜು, ಚಂದಾ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋದರೆ ಸ್ವಲ್ಪ ದಿನಕ್ಕೆ ನಿಮಗೇ ಬಿಡಿಸಲು ಆಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಗುರುತಿಲ್ಲದ ಯಾರೋ ಹಾಕಿದ ಹಣ ಆನ್‌ಲೈನ್ ಮೋಸದ್ದಾಗಿದ್ದು, ಅದರ ಮೇಲೆ ಸೈಬರ್ ದೂರು ಬಿದ್ದಿದ್ದರೆ, ಬ್ಯಾಂಕಿನವರು ನಿಮ್ಮ ಖಾತೆಯನ್ನು ತಡೆಹಿಡಿಯಬಹುದು. ಆಮೇಲೆ ಪರೀಕ್ಷೆ ಶುಲ್ಕ ಕಟ್ಟಲೂ ಪರದಾಟ.

ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಡಿ. ಯಾರಿಗಾಗಿ, ಎಷ್ಟು ದಿನ, ಹಣ ಉಳಿದರೆ ಏನು ಮಾಡುತ್ತೀರಿ, ಇಷ್ಟು ಬರೆದರೆ ಸಾಕು. ಉಳಿದರೆ ಏನು ಅನ್ನುವುದನ್ನು ಯಾರೂ ಬರೆಯುವುದಿಲ್ಲ, ಜಗಳ ಶುರುವಾಗುವುದೇ ಅಲ್ಲಿಂದ. ವಿಭಾಗದ ಅಥವಾ ಎನ್‌ಎಸ್‌ಎಸ್‌ನ ಮೂಲಕವೇ ಹಣ ಹೋದರೆ ಎಲ್ಲಕ್ಕಿಂತ ಮೇಲು. ಅದಾಗದಿದ್ದರೆ ಇಬ್ಬರ ಹೆಸರಲ್ಲಿ ಜಂಟಿ ಉಳಿತಾಯ ಖಾತೆ ತೆರೆಯಿರಿ. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಹೊರಗೆ ಬರಬೇಕು ಎಂದು ಬ್ಯಾಂಕಿನಲ್ಲಿ ಬರೆದುಕೊಡಿ. ಒಬ್ಬರೇ ಫೋನ್ ಒತ್ತಿ ಕಳಿಸುವಂತಿರಬಾರದು. ನಗದು ಕೊಟ್ಟವರಿಗೆ ಹತ್ತು ರೂಪಾಯಿಯಾದರೂ ರಸೀದಿ ಕೊಡಿ. ನಂಬರ್ ಇರುವ, ಕಾರ್ಬನ್ ಪ್ರತಿ ಉಳಿಯುವ ಪುಸ್ತಕ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಶನಿವಾರ ಶನಿವಾರ ಬಂದದ್ದು, ಹೋದದ್ದು, ಉಳಿದದ್ದು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಕೊಟ್ಟವರ ಫೋನ್ ನಂಬರ್ ಮಾತ್ರ ಅದರಲ್ಲಿ ಬೇಡ.

ಇನ್ನು ಸಂಗೀತ ಸಂಜೆ. ನನಗೆ ಸಂಗೀತ ಇಷ್ಟವೇ, ಅದು ಬೇರೆ ವಿಷಯ. ಮೈಕ್ ಸೆಟ್ಟು, ಲೈಟು, ಜನರೇಟರು, ಫ್ಲೆಕ್ಸು, ಕಲಾವಿದರ ಊಟ, ಗಾಡಿ ಬಾಡಿಗೆ. ಅತಿಥಿ ಬಂದಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಸೂರು ಅಂದಮೇಲೆ ಪೇಟ ತೊಡಿಸದೆ ಬಿಡುತ್ತೀರಾ? ಇಂದಿರಾ ಕ್ಯಾಂಟೀನಿನಲ್ಲಿ ಊಟಕ್ಕೆ 10 ರೂಪಾಯಿ. ಒಬ್ಬ ಅತಿಥಿಯ ಸನ್ಮಾನಕ್ಕೆ 500 ರೂಪಾಯಿ ಹೋಯಿತು ಅಂದರೆ 50 ಊಟ ಹೋಯಿತು.

ಅದರ ಬದಲು ಹಳೇ ಪೇಪರ್ ಎತ್ತಿ. ಸುಮ್ನೆ ಹೇಳುತ್ತಿಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಮನೆಗಳಲ್ಲಿ ದುಡ್ಡು ಕೇಳಿದರೆ "ಯಜಮಾನರು ಇಲ್ಲ, ಆಮೇಲೆ ಬನ್ನಿ" ಅನ್ನುತ್ತಾರೆ. ಹಳೇ ಪೇಪರ್ ಕೇಳಿದರೆ ಅಟ್ಟದಿಂದ ಇಳಿಸಿ ಗೇಟಿನ ತನಕ ಹೊತ್ತು ತರುತ್ತಾರೆ, ಜೊತೆಗೆ ನೀರು ಮಜ್ಜಿಗೆ. ಖರ್ಚು ಅಂದರೆ ಒಂದು ಗೂಡ್ಸ್ ಆಟೋ ಬಾಡಿಗೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವ ಹಿರಿಯರಿಗೂ ಒಂದು ಚೀಟಿ ಹಂಚಿ. ಪೇಪರನ್ನು ಜೋಡಿಸಿ ಇಡುವ ಅಭ್ಯಾಸ ಇರುವುದೇ ಅವರಿಗೆ.

ಕಂಬಳಿ ಕೊಳ್ಳುವ ಮೊದಲು ದೊಡ್ಡಾಸ್ಪತ್ರೆಗೆ ಒಂದು ಸಂಜೆ ಹೋಗಿ, ಸಿಸ್ಟರ್‌ಗಳನ್ನು ಕೇಳಿ, ಜೊತೆಯವರನ್ನೂ ಕೇಳಿ. ಕಂಬಳಿ ಬೇಕು ಅಂದರೆ ಸರಿ. ಬಿಸಿನೀರಿಗೆ ಫ್ಲಾಸ್ಕ್ ಬೇಕು ಅಂದರೂ ಅನ್ನಬಹುದು. ಬಸ್ ಚಾರ್ಜ್ ಕೊಡೋಣ ಅಂತ ಯಾರಾದರೂ ಹೇಳಿದರೆ ನೆನಪಿಡಿ, ನಮ್ಮ ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಚಿಕಿತ್ಸೆಗೇ ಹಣ ಬೇಕು ಅನ್ನುವವರು ಸಿಕ್ಕರೆ ಮೊದಲು ಅವರ ರೇಷನ್ ಕಾರ್ಡ್ ನೋಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅಂಥವರ ಜೊತೆ ಕೌಂಟರಿನ ತನಕ ಹೋಗಿ ಕಾಗದ ತುಂಬಿಸಿಕೊಡುವುದು ನಿಮ್ಮ ಚಂದಾಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕೊಡುವಾಗ ಫೋಟೋ ಬೇಡ. ಕಾಯಿಲೆಯವರ ಪಕ್ಕ ರಾತ್ರಿಯೆಲ್ಲ ಎದ್ದಿದ್ದವರನ್ನು ಕಂಬಳಿ ಹಿಡಿಸಿ ನಗಿಸುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ದೇವರಾಜ ಮಾರುಕಟ್ಟೆ ಹತ್ತಿರ ಡಬ್ಬ ಹಿಡಿದು ನಿಂತಿದ್ದಳಂತೆ, ನಮ್ಮ ನೆಂಟರು ನೋಡಿ ಬಂದು ಹೇಳಿದರು. ಯಾವುದೋ ಮಕ್ಕಳ ಶಾಲೆಗಂತೆ. ಮರ್ಯಾದೆ ಹೋದಂತಾಗಿದೆ.
— ಒಬ್ಬ ತಾಯಿ, ಮಂಡ್ಯ

ಉತ್ತರ: ಯಾರ ಮರ್ಯಾದೆ ಹೋಯಿತಮ್ಮಾ? ಮದನಮೋಹನ ಮಾಳವೀಯರು ಊರೂರು ತಿರುಗಿ ಚಂದಾ ಎತ್ತಿದ್ದರಿಂದಲೇ 1916ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯ ಆಯಿತು. ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿಯವರು. ಅದೇ ವರ್ಷ ಅವರು ಮೈಸೂರು ವಿಶ್ವವಿದ್ಯಾಲಯವನ್ನೂ ಕಟ್ಟಿದರು. ನಿಮ್ಮ ಮಗಳು ಓದುತ್ತಿರುವುದೂ ಅಲ್ಲೇ ಇರಬೇಕು, ಅಲ್ವಾ?

ಆ ನೆಂಟರು ಡಬ್ಬಕ್ಕೆ ಏನಾದರೂ ಹಾಕಿದರಾ, ಅದನ್ನೊಂದು ಕೇಳಿ. ಮಗಳಿಗೆ ಬೈಯಬೇಡಿ. ಜೊತೆಗೆ ನಾಲ್ಕು ಜನ ಇರುತ್ತಾರಾ, ಕತ್ತಲಾಗುವ ಮೊದಲು ಹಾಸ್ಟೆಲ್ ಸೇರುತ್ತಾಳಾ, ಕೈಯಲ್ಲಿ ವಿಭಾಗದ ಪತ್ರ ಇದೆಯಾ, ಅಲ್ಲಿ ನಿಲ್ಲುವ ಬಗ್ಗೆ ಪೊಲೀಸ್ ಠಾಣೆಗೆ ತಿಳಿಸಿದ್ದಾರಾ ಅಂತ ವಿಚಾರಿಸಿ. ಕೊನೆಯ ಎರಡಕ್ಕೆ ಉತ್ತರ ಇಲ್ಲದಿದ್ದರೆ ಅವು ಆಗುವ ತನಕ ಡಬ್ಬ ಒಳಗಿಡಲು ಹೇಳಿ.

ಪ್ರಶ್ನೆ: ವಿದ್ಯಾರ್ಥಿಗಳಿಗೆ 5,000 ರೂಪಾಯಿ ನಗದು ಕೊಟ್ಟೆ. ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದಾ?
— ಅಂಗಡಿ ಮಾಲೀಕರು, ಶ್ರೀರಂಗಪಟ್ಟಣ

ಉತ್ತರ: ಇಲ್ಲ ಸ್ವಾಮಿ. ತೆರಿಗೆ ಇಲಾಖೆಯ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ ಸಿಗುತ್ತದೆ. ಅಲ್ಲೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರಂತೂ ಆ ಮಾತೇ ಇಲ್ಲ.

ಪ್ರಶ್ನೆ: ಎಲ್ಲರೂ ನೂರು ಇನ್ನೂರು ಹಾಕುತ್ತಾರೆ. ನನ್ನ ಹತ್ತಿರ ಬಸ್ ಪಾಸಿಗೇ ಕಷ್ಟ. ನಾನೇನು ಕೊಡಲಿ?
— ಬಿ.ಎ. ವಿದ್ಯಾರ್ಥಿ, ಮದ್ದೂರು

ಉತ್ತರ: ರಸೀದಿ ಬರೆಯುವ ಕೆಲಸ ವಹಿಸಿಕೊಳ್ಳಿ, ಅದಕ್ಕೆ ಯಾವಾಗಲೂ ಜನ ಸಾಲುವುದಿಲ್ಲ. ಇಲ್ಲವೇ ರಕ್ತ ಕೊಡಿ. ವಯಸ್ಸು 18 ಆಗಿರಬೇಕು, ತೂಕ ಕಡೇಪಕ್ಷ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಒಮ್ಮೆ ಕೊಟ್ಟಮೇಲೆ 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಬೆಳಗ್ಗೆ ತಿಂಡಿ ತಿಂದೇ ಹೋಗಿ. ಹಸಿದ ಹೊಟ್ಟೆಯಲ್ಲಿ ಹೋಗಿ ತಲೆಸುತ್ತಿ ಬಿದ್ದರೆ ಕ್ಯಾಂಪಿನವರಿಗೆ ಇನ್ನೊಂದು ಕೆಲಸ.