ಮೆಜೆಸ್ಟಿಕ್‌ನಲ್ಲಿ ಕೆರೆ ಎಲ್ಲಿತ್ತು?

ಪ್ರಶ್ನೆ: ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಹತ್ತಿರ ‘ಟ್ಯಾಂಕ್ ಬಂಡ್ ರಸ್ತೆ’ ಇದೆ. ಅಲ್ಲಿ ಕೆರೆಯೇ ಇಲ್ಲವಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ಈಗಿಲ್ಲ, ಮೊದಲಿತ್ತು. ಬಸ್ಸುಗಳು ನಿಲ್ಲುವ ಜಾಗವೇ ಧರ್ಮಾಂಬುಧಿ ಕೆರೆಯ ಅಂಗಳ. ಒಂದು ಕಾಲಕ್ಕೆ ಪೇಟೆಯ ಜನ ಇದೇ ಕೆರೆಯ ನೀರು ಕುಡಿಯುತ್ತಿದ್ದರು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಆಮೇಲೆ ಈ ಕೆರೆ ಯಾರಿಗೂ ಬೇಡವಾಯಿತು. ಒಣಗಿ ಮೈದಾನವಾಯಿತು, ಕೊನೆಗೆ ಬಸ್ ನಿಲ್ದಾಣ. ಕೆರೆ ಏರಿಯ (ಟ್ಯಾಂಕ್ ಬಂಡ್) ಹೆಸರು ಮಾತ್ರ ರಸ್ತೆಗೆ ಉಳಿಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ. ‘ಮೆಜೆಸ್ಟಿಕ್’ ಅಂದರೆ ಅಲ್ಲಿದ್ದ ಚಿತ್ರಮಂದಿರ, ಅಷ್ಟೇ.

ಮೈಸೂರು ಸರ್ಕಾರ ಬಸ್ ಓಡಿಸಲು ಶುರು ಮಾಡಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಂದಿಗೆ. 1961ರಲ್ಲಿ ಅದು ನಿಗಮವಾಯಿತು. ನಗರದ ಬಸ್ಸುಗಳಿಗೆ ಬಿಎಂಟಿಸಿ ಬೇರೆಯಾಗಿದ್ದು 1997ರಲ್ಲಿ.

ನಾನು ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದೆ. ಜನರಿಗೆ ನಿಲ್ದಾಣ ಗೊತ್ತು, ಡಿಪೋ ಗೊತ್ತಿರುವುದಿಲ್ಲ ಅಲ್ವಾ? ಕೊನೇ ಟ್ರಿಪ್ ಮುಗಿಸಿದ ಬಸ್ಸು ಅಲ್ಲಿಗೆ ಬರುತ್ತದೆ. ಡೀಸೆಲ್ ತುಂಬಿ, ತೊಳೆದು, ಬ್ರೇಕು, ಟೈರು ನೋಡಬೇಕು. ಡ್ರೈವರ್ ಬರೆದಿಟ್ಟ ದೂರನ್ನೂ ಓದಬೇಕು. ಬೆಳಗಿನ ಜಾವ ಮೊದಲ ಬಸ್ಸು ಗೇಟು ದಾಟುವಾಗ ಅದರ ಇಂಜಿನ್ ಸದ್ದು ಕೇಳಲೆಂದೇ ನಾನು ಗೇಟಿನ ಹತ್ತಿರ ನಿಂತಿರುತ್ತಿದ್ದೆ.