ಒಳ್ಳೆ ಫುಡ್ ಬ್ಲಾಗ್ ಬೇಕಾ? ಮೊದ್ಲು ಅದ್ರಲ್ಲಿ ಬಸ್ಸಾರು ಹೆಂಗೆ ಬರೆದಿದಾರೆ ನೋಡಿ

ನೀವು ಕೇಳಿದ್ದು ಇಷ್ಟು: ಕೆಲಸಕ್ಕೆ ಅಂತ ಪುಣೆಗೆ ಬಂದಿದೀನಿ, ಮೆಸ್ ಊಟ ಸಾಕಾಗೋಗಿದೆ, ನಮ್ಮ ಕಡೆ ಅಡುಗೆ ಕಲಿಬೇಕು, ನಿಮಗಿಷ್ಟವಾದ ಫುಡ್ ಬ್ಲಾಗ್ ಯಾವುದು, ಅದನ್ನ ಹೆಂಗೆ ಹುಡುಕಿದ್ರಿ, ಬೇರೆಯವರಿಗೆ ಹೆಂಗೆ ಹೇಳ್ತೀರಿ.

ಹೆಸರು ಹೇಳ್ತೀನಿ, ಸ್ವಲ್ಪ ತಡೀರಿ. ಮೊದ್ಲೇ ಲಿಸ್ಟ್ ಕೊಟ್ಬಿಟ್ರೆ ನೀವು ಅದನ್ನ ಸೇವ್ ಮಾಡ್ಕೊಂಡು ಮತ್ತೆ ತೆಗೆದೂ ನೋಡಲ್ಲ, ಎಲ್ರೂ ಹಂಗೇ. ಅದಕ್ಕಿಂತ ನಾನು ಮಾಡೋದು ಏನಂದ್ರೆ, ಮನೇಲಿ ತಿಂದು ಬೆಳೆದಿರೋ ಒಂದು ಅಡುಗೆ ಹಿಡ್ಕೊಂಡು, ಬರೆದವರಿಗೆ ಅದು ನಿಜವಾಗ್ಲೂ ಗೊತ್ತಾ ಅಂತ ನೋಡೋದು. ಗೊತ್ತಿದೆ ಅನ್ಸಿದ್ರೆ ಮಾತ್ರ ನನಗೆ ಗೊತ್ತಿಲ್ದಿರೋ ಅಡುಗೆಗೂ ಅವರನ್ನ ನಂಬೋದು.

ನಮ್ಮದು ಮಂಡ್ಯ ಕಡೆ, ಹಂಗಾಗಿ ನನ್ನ ಪರೀಕ್ಷೆ ಬಸ್ಸಾರು. ಹೆಸರಲ್ಲೇ ಇದೆ ನೋಡಿ, ಬಸೀಬೇಕು. ದಂಟಿನ ಸೊಪ್ಪೋ ಕೀರೆ ಸೊಪ್ಪೋ, ಜೊತೆಗೆ ತೊಗರಿಬೇಳೆ ಇಲ್ಲಾ ಕಾಳು, ಧಾರಾಳವಾಗಿ ನೀರಿಟ್ಟು ತೆರೆದ ಪಾತ್ರೇಲಿ ಬೇಯಿಸಿ, ಬೇಳೆ ಬೆರಳಲ್ಲಿ ಒತ್ತಿದ್ರೆ ಮುರೀಬೇಕು ಆದ್ರೆ ಕರಗಿರಬಾರದು, ಆಗ ಇಳಿಸಿ ನೀರು ಬಸೀತಾರೆ. ಆ ಕಟ್ಟು ಸಾರಿಗೆ, ಮೇಲೆ ಉಳಿದಿದ್ದು ಪಲ್ಯಕ್ಕೆ. ಸಾರಿಗೆ ಸುಟ್ಟಿದ್ದೋ ಹುರಿದಿದ್ದೋ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಜೀರಿಗೆ, ಮೆಣಸು, ಧನಿಯ, ಮೆಣಸಿನಕಾಯಿ, ಹುಣಸೆಹಣ್ಣು, ಇಷ್ಟರ ಜೊತೆಗೆ ಬೆಂದಿರೋ ಸೊಪ್ಪು-ಬೇಳೇಲೇ ಒಂದು ಹಿಡಿ ತೆಗೆದು ರುಬ್ಬೋದು. ಈ ಒಂದು ಹಿಡಿ ಇದೆಯಲ್ಲ, ಇದನ್ನ ಬರೆದಿದಾರಾ ಅಂತ ನಾನು ಮೊದ್ಲು ನೋಡ್ತೀನಿ, ಯಾಕಂದ್ರೆ ಅದಿಲ್ದೆ ಸಾರು ನೀರುನೀರಾಗಿ ಬರುತ್ತೆ, ಮಾಡಿದವರಿಗೆ ಮಾತ್ರ ಗೊತ್ತಿರೋ ವಿಷ್ಯ ಅದು. "ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿ" ಅಂತ ಇದ್ರೆ ನಾನು ಅಲ್ಲಿಗೇ ಪೇಜ್ ಕ್ಲೋಸ್. ನಾಲ್ಕು ವಿಷಲ್ ಆದ್ಮೇಲೆ ಬಸಿಯೋಕೆ ಏನಿರುತ್ತೆ ಮಾರಾಯ್ರೆ, ಅದನ್ನ ಮಸೆದು ಒಗ್ಗರಣೆ ಕೊಟ್ರೆ ಮಸ್ಸೊಪ್ಪಾಗುತ್ತೆ, ಅದೂ ಒಳ್ಳೇದೇ, ಆದ್ರೆ ಬಸ್ಸಾರಲ್ಲ.

ಮುದ್ದೆಗೂ ಹಿಂಗೇ. ಸುಮಾರು ಒಂದಕ್ಕೆ ಎರಡು ನೀರು ಅಂತ ಎಲ್ರೂ ಬರೀತಾರೆ. ಕುದಿಯೋ ನೀರಿಗೆ ಮೊದ್ಲು ಒಂದು ಚಮಚ ಹಿಟ್ಟು ಕಲಸಿ ಬಿಡಿ, ಆಮೇಲೆ ಹಿಟ್ಟು ಗುಡ್ಡೆ ಹಾಕಿ ಕೋಲಲ್ಲಿ ನಡುವೆ ತೂತು ಮಾಡಿ, ತಕ್ಷಣ ತಿರುವಬೇಡಿ ಹಂಗೇ ಬೇಯಕ್ಕೆ ಬಿಡಿ ಅಂತ ಯಾರು ಬರೆದಿರ್ತಾರೋ ಅವರು ಮುದ್ದೆ ಮನೆಯವರು.

ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು, ಅವಳ ಪರೀಕ್ಷೆ ಇನ್ನೂ ಖಡಕ್, ಕಳಲೆ. ಮಳೆಗಾಲದಲ್ಲಿ ಬರೋ ಎಳೆ ಬಿದಿರು. ಹಸಿ ಕಳಲೇಲಿ ಸೈನೈಡ್ ಬಿಡೋ ಅಂಶ ಇರುತ್ತೆ, ಅದಕ್ಕೇ ಮಲೆನಾಡಲ್ಲಿ ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಾಯಿಸ್ತಾ ಎರಡು-ಮೂರು ದಿನ ಬಿಟ್ಟು ಆಮೇಲೆ ಚೆನ್ನಾಗಿ ಬೇಯಿಸೋದು. ಇದನ್ನ ಬರೀದೆ "ಕಳಲೆ ತೊಳೆದು ಹೆಚ್ಚಿ ಒಗ್ಗರಣೆಗೆ ಹಾಕಿ" ಅಂತ ಇರೋ ಪೇಜ್ ಸಿಕ್ಕಿದ್ರೆ ಅವಳು ಆ ಸೈಟ್‌ನ ಒಂದು ಚಿತ್ರಾನ್ನದ ರೆಸಿಪಿನೂ ನಂಬಲ್ಲ. ಸರಿನೇ ಅಲ್ವಾ, ಇಷ್ಟು ಅಪಾಯದ ವಿಷ್ಯ ಬಿಟ್ಟವರು ಇನ್ನೇನೇನು ಬಿಟ್ಟಿರ್ತಾರೋ. ಪತ್ರೊಡೆಗೂ ಹಂಗೆ, ಕೆಸುವಿನ ಎಲೇಲಿ ಸೂಜಿ ತರ ಹರಳು ಇರುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತಾರೆ, ಗಂಟಲು ಕೆರೆಯೋದು ಅದ್ರಿಂದನೇ, ಹಿಟ್ಟಿಗೆ ಹುಳಿ ಜಾಸ್ತಿ ಬೀಳೋದು ಬರೀ ರುಚಿಗಲ್ಲ. "ಹುಳಿ ಕಮ್ಮಿ ಮಾಡಬೇಡಿ" ಅಂತ ಒಂದು ಸಾಲು ಇದ್ರೆ ಬರೆದವರು ಪತ್ರೊಡೆ ತಿಂದು ಗಂಟಲು ಹಿಡ್ಕೊಂಡು ಕೂತಿದ್ದವರೇ ಇರ್ಬೇಕು.

ಇನ್ನೊಂದು, ಮೆಣಸಿನಕಾಯಿ. "ಒಣಮೆಣಸಿನಕಾಯಿ ಹತ್ತು" ಅಂತ ಬರೆದ್ರೆ ಅದು ಏನೂ ಹೇಳಿದಂಗಾಗಲ್ಲ. ಬ್ಯಾಡಗಿ ಹತ್ತು ಹಾಕಿದ್ರೆ ಕೆಂಪಗೆ ಬಣ್ಣ ಬರುತ್ತೆ ಖಾರ ಅಷ್ಟಿಲ್ಲ, ಗುಂಟೂರು ಹತ್ತು ಹಾಕಿದ್ರೆ ಮನೆಯವರೆಲ್ಲ ನೀರಿನ ಚೊಂಬು ಹುಡುಕ್ತಾರೆ. ಯಾವ ಮೆಣಸಿನಕಾಯಿ ಅಂತ ಬರೆಯೋರನ್ನ ನಾನು ಕಣ್ಣುಮುಚ್ಚಿ ಫಾಲೋ ಮಾಡ್ತೀನಿ. ಅಳತೆನೂ ನೋಡ್ಕೊಳ್ಳಿ. ಬ್ಲಾಗ್‌ನ ಕಪ್ ಸಾಮಾನ್ಯವಾಗಿ 240 ಮಿಲಿ ಇಲ್ಲಾ 250 ಮಿಲಿ, ನಿಮ್ಮ ರೂಮಲ್ಲಿರೋ ಟೀ ಕಪ್ ಅಲ್ಲ. ಟೇಬಲ್ ಸ್ಪೂನ್ ಅಂದ್ರೆ ಬಹಳ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20, ಅಲ್ಲಿ ಕೂತು ಬರೆಯೋ ನಮ್ಮವರೂ ಸುಮಾರು ಜನ ಇದಾರೆ. ಉಪ್ಪು-ಹುಳಿ ವಿಷ್ಯದಲ್ಲಿ ಈ 5 ಮಿಲಿ ಗೊತ್ತಾಗುತ್ತೆ.

ಈಗ ಹುಡುಕೋದು. ಇಂಗ್ಲಿಷಲ್ಲಿ ಒಂದೇ ಸ್ಪೆಲ್ಲಿಂಗ್ ಹೊಡೆದು ಸಿಗಲಿಲ್ಲ ಅಂತ ಬಿಟ್ಬಿಡಬೇಡಿ. ಉಪ್ಸಾರು ಅನ್ನೋದನ್ನೇ ಒಬ್ಬೊಬ್ರು ಒಂದೊಂದು ತರ ಇಂಗ್ಲಿಷಲ್ಲಿ ಬರೀತಾರೆ, ಉಪ್ಪು ಸಾರು ಅಂತ ಬಿಡಿಸಿ ಬರೆಯೋರು ಬೇರೆ. ಕನ್ನಡ ಲಿಪೀಲೇ ಟೈಪ್ ಮಾಡಿ ಹುಡುಕಿದ್ರೆ ಬೇರೆನೇ ಲೋಕ ತೆರೆಯುತ್ತೆ, ದಿನಪತ್ರಿಕೆಗಳ ಅಡುಗೆ ಅಂಕಣ, ಹಳೇ ಬ್ಲಾಗ್‌ಸ್ಪಾಟ್ ಪೇಜ್, ಹಳ್ಳಿ ಅಡುಗೆ ವಿಡಿಯೋ ಎಲ್ಲ. "ಕರ್ನಾಟಕ ಸ್ಪೆಷಲ್" ಅಂತ ಮಾತ್ರ ಹುಡುಕಬೇಡಿ, ಅದೇ ಬಿಸಿಬೇಳೆಬಾತು, ಅದೇ ಮೈಸೂರ್ ಪಾಕು, ಅದೇ ರವೆ ಇಡ್ಲಿ. ಊರಿನ ಹೆಸರು ಸೇರಿಸಿ, ಹಿತಕಿದ ಅವರೆಬೇಳೆ ಹಾಸನ, ಎಣಗಾಯಿ ಧಾರವಾಡ, ಹಿಂಗೆ.

ಪುಣೆಯಲ್ಲಿ ನಾನೂ ಸ್ವಲ್ಪ ವರ್ಷ ಇದ್ದೆ, ಅದ್ಕೇ ಹೇಳ್ತೀನಿ, ರೆಸಿಪಿ ಸಿಕ್ಕಿದ ಮೇಲೂ ಮಂಡೀಲಿ ಕೇಳೋಕೆ ಅಲ್ಲಿನ ಹೆಸರು ಬೇಕು. ರಾಗಿ ಅಲ್ಲಿ ನಾಚಣಿ, ಕೆಸುವಿನ ಎಲೆ ಅಳೂ, ದಂಟಿನ ಸೊಪ್ಪಿನ ತರದ್ದು ಬೇಕಾದ್ರೆ ಮಾಠ್ ಅಂತ ಕೇಳಿ, ಎಣಗಾಯಿಗೆ ಬೇಕಾದ ಗುರೆಳ್ಳು ಕಾರಳೆ. ಒಳ್ಳೆ ಬ್ಲಾಗಲ್ಲಿ ಸಾಮಾನಿನ ಹೆಸರು ಮೂರ್ನಾಲ್ಕು ಭಾಷೇಲಿ ಕೊಟ್ಟಿರ್ತಾರೆ, ಅದು ನಿಮ್ಮಂತೋರಿಗೆ ಬಹಳ ಉಪಯೋಗ.

ಹಳೇ ಬ್ಲಾಗ್ ಅಂದ್ನಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ನನಗೆ ಇಷ್ಟವಾದ ಸಬ್ಜೆಕ್ಟು. 2005, 2006ರ ಆಸುಪಾಸು ಭಾರತದ ಅಡುಗೆ ಬ್ಲಾಗ್‌ಗಳ ಸುಗ್ಗಿ ಕಾಲ, ಅದ್ರಲ್ಲೂ ಮದುವೆ ಆಗಿ ಇಲ್ಲಾ ಓದೋಕೆ ಅಂತ ಅಮೆರಿಕ ಕಡೆ ಹೋದ ಹೆಣ್ಮಕ್ಕಳು ಅಮ್ಮನಿಗೆ ಫೋನ್ ಮಾಡಿ ಕೇಳಿ ಕೇಳಿ ಬರೆದಿದ್ದೇ ಜಾಸ್ತಿ. ಮಹಾನಂದಿ ಅಂತ ಒಂದು ತೆಲುಗು ಕಡೆಯವರ ಬ್ಲಾಗ್ ಇತ್ತು, 2006ರಲ್ಲಿ ಅವರು ಜಿಹ್ವಾ ಅಂತ ಒಂದು ತಿಂಗಳ ಕಾರ್ಯಕ್ರಮ ಶುರು ಮಾಡಿದ್ರು. ತಿಂಗಳಿಗೆ ಒಂದು ಪದಾರ್ಥ, ಬೇರೆ ಬೇರೆ ಬ್ಲಾಗ್‌ನವರೆಲ್ಲ ಅದ್ರಲ್ಲಿ ಏನಾದ್ರೂ ಮಾಡಿ ಬರೆಯೋದು, ಆ ತಿಂಗಳು ಹೊಣೆ ಹೊತ್ತವರು ಎಲ್ಲರ ಲಿಂಕು ಒಂದೇ ಕಡೆ ಹಾಕೋದು. ಒಂದು ಪೇಜ್ ಸಿಕ್ಕಿದ್ರೆ ಅದ್ರಿಂದ ಹೊಸ ಬ್ಲಾಗ್‌ಗಳು ಸಾಲಾಗಿ ಸಿಗ್ತಿದ್ವು. ಅಲ್ಗಾರಿದಮ್ಮು ಗಿಲ್ಗಾರಿದಮ್ಮು ಏನಿಲ್ಲ, ಒಬ್ರು ಇನ್ನೊಬ್ರನ್ನ ತೋರಿಸೋದು ಅಷ್ಟೇ. ನಾವು ಫಾಲೋ ಮಾಡೋ ಬ್ಲಾಗ್‌ಗಳ ಹೊಸ ಪೋಸ್ಟನ್ನೆಲ್ಲ ಒಂದೇ ಕಡೆ ತೋರಿಸೋ ಗೂಗಲ್ ರೀಡರ್ ಅಂತ ಇತ್ತು, 2013ರ ಜುಲೈನಲ್ಲಿ ಗೂಗಲ್ಲು ಅದನ್ನ ಮುಚ್ಚಿಬಿಡ್ತು, ಅಷ್ಟೊತ್ತಿಗೆ ಜನನೂ ಫೇಸ್‌ಬುಕ್ಕು ಯೂಟ್ಯೂಬ್ ಅಂತ ಹೋಗಿದ್ರು, ಎಷ್ಟೋ ಒಳ್ಳೊಳ್ಳೆ ಬ್ಲಾಗ್ ಅಲ್ಲಿಗೇ ನಿಂತ್ವು. ನಿಂತಿದ್ರೂ ರೆಸಿಪಿ ಹಾಳಾಗಲ್ವಲ್ಲ. ಲಿಂಕ್ ಸತ್ತಿದ್ರೆ ಆ ವಿಳಾಸ ಕಾಪಿ ಮಾಡಿ ಹಳೇ ಪೇಜ್‌ಗಳ ನಕಲು ಉಳಿಸಿಡೋ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಲ್ಲಿ ಹಾಕಿ ನೋಡಿ, ಬಹಳ ಸಲ ಸಿಗುತ್ತೆ, ಫೋಟೋ ಹೋಗಿದ್ರೂ ಅಕ್ಷರ ಉಳಿದಿರುತ್ತೆ. ಈಗ್ಲೂ ರೀಡರ್ ಬೇಕು ಅಂದ್ರೆ ಫೀಡ್ಲಿ ಇದೆ.

ಸರಿ, ಹೆಸರುಗಳು. ಬೇಗ ಆಗ್ಬೇಕು, ಸಸ್ಯಾಹಾರ, ಮಾತು ಬೇಡ ಅಂದ್ರೆ ಹೆಬ್ಬಾರ್ಸ್ ಕಿಚನ್, ನಿಮಗೂ ಗೊತ್ತಿರುತ್ತೆ, ವಿಡಿಯೋ ಚಿಕ್ಕದು, ಸೈಟಲ್ಲಿ ಹಂತಹಂತದ ಫೋಟೋ ಇರುತ್ತೆ, ಕಲಿಯೋರಿಗೆ ಒಳ್ಳೇದು, ಆದ್ರೆ ಈಗೀಗ ಅಲ್ಲಿ ಎಲ್ಲ ರಾಜ್ಯದ್ದೂ ಇದೆ, ನಮ್ಮ ಕಡೇದು ಆರಿಸ್ಕೊಬೇಕು. ವೆಜ್ ರೆಸಿಪೀಸ್ ಆಫ್ ಕರ್ನಾಟಕ ಅಂತ ಇನ್ನೊಂದು, ಹೆಸರಿಗೆ ತಕ್ಕಂಗೆ ಗೊಜ್ಜು, ತಂಬುಳಿ, ಸಾಸಿವೆ ತರದ್ದಕ್ಕೆ ನಾನು ಅಲ್ಲಿಗೇ ಹೋಗೋದು. ಕೊಂಕಣಿ ಅಡುಗೆಗೆ ಆಯೀಸ್ ರೆಸಿಪೀಸ್, ಹಳೇ ಕಾಲದ ಬ್ಲಾಗ್, ಮೀನಿನ ಅಡುಗೆನೂ ಉಂಟು. ಕೊಡಗಿಂದು ಬೇಕಂದ್ರೆ ಕಾವೇರಿ ಪೊನ್ನಪ್ಪ ಅವರ ದಿ ಕೂರ್ಗ್ ಟೇಬಲ್ ಓದಿ, ಅಡುಗೆಗಿಂತ ಜಾಸ್ತಿ ಆ ಅಡುಗೆ ಹಿಂದಿನ ಕಾಡು, ಮಳೆ, ಮನೆ ಎಲ್ಲ ಬರುತ್ತೆ. ಅಂದಹಾಗೆ ಪಂದಿ ಕರಿ, ಅಂದ್ರೆ ಅಲ್ಲಿನ ಹಂದಿಮಾಂಸದ ಅಡುಗೆ, ಅದರ ರೆಸಿಪೀಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹೆಸರೇ ಇಲ್ದೆ ಬರೀ ನಿಂಬೆಹಣ್ಣು ಅಂತ ಇದ್ರೆ ಅನುಮಾನ ಪಡಿ. ಬೆಂಗಳೂರಿನ ನಂದಿತಾ ಅಯ್ಯರ್ ಅವರ ಸ್ಯಾಫ್ರನ್ ಟ್ರೇಲ್ ಆರೋಗ್ಯದ ಕಡೆ ಗಮನ ಇಟ್ಟು ಬರೆಯೋದು, ಒಬ್ರೇ ಇರೋರಿಗೆ ಸರಿಹೋಗುತ್ತೆ. ವಿಡಿಯೋನೇ ಬೇಕು, ಕನ್ನಡದಲ್ಲೇ ಬೇಕು ಅಂದ್ರೆ ಭಟ್ ಎನ್ ಭಟ್, ಕಾಸರಗೋಡು ಕಡೆ ಕನ್ನಡ, ಹಲಸಿನಕಾಯಿ, ಬಾಳೆದಿಂಡು ಏನೂ ವೇಸ್ಟ್ ಮಾಡದ ಅಡುಗೆ. ಕೆಲವೊಂದು ನಿಮಗೆ ಪುಣೆಯಲ್ಲಿ ಮಾಡೋಕಾಗಲ್ಲ, ನೋಡೋಕೇ ಖುಷಿ.

ನನ್ನ ಒಂದು ಗೊಣಗಾಟ ಇದೆ. ಬರಹದಲ್ಲಿ ಸಿಗೋ ಕರ್ನಾಟಕದ ಅಡುಗೆ ಅಂದ್ರೆ ಮುಕ್ಕಾಲುಪಾಲು ಉಡುಪಿ-ಮೈಸೂರು ಕಡೆ ಸಸ್ಯಾಹಾರನೇ. ಅದು ತಪ್ಪಲ್ಲ, ಬರೆಯೋರು ಬರೆದ್ರು. ಆದ್ರೆ ನಾಟಿಕೋಳಿ ಸಾರು, ಬೋಟಿ ಗೊಜ್ಜು, ತಲೆಮಾಂಸ, ಕಲಬುರಗಿ-ಬೀದರ್ ಕಡೆ ಮನೆಮನೆ ಪುಂಡಿಪಲ್ಯ, ಇವೆಲ್ಲ ಜಾಸ್ತಿ ಸಿಗೋದು ಯೂಟ್ಯೂಬಲ್ಲೇ, ಅದೂ ಹದಿನೈದು ನಿಮಿಷದ ವಿಡಿಯೋದಲ್ಲಿ "ಒಂದಿಷ್ಟು ಖಾರದಪುಡಿ, ಒಂದಿಷ್ಟು ಧನಿಯಾಪುಡಿ" ಅಂತ ಕೈಲಿ ತೋರಿಸ್ತಾ. ಆ ಕೈ ಅಳತೆ ನೋಡಿ ನೋಡಿ ಬರ್ಕೊಬೇಕು, ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಹಂಗೇ ಬರ್ಕೊಂಡಿದೀನಿ. ಹಾಡು ಜೋರಾಗಿ ಹಾಕಿರೋ ವಿಡಿಯೋ ಬಿಟ್ಟಾಕಿ, ಮಸಾಲೆ ಹುರಿಯೋವಾಗ ಪಾತ್ರೆ ಸದ್ದು ಕೇಳಿಸೋ ವಿಡಿಯೋ ಆರಿಸಿ, ಎಷ್ಟು ಹುರಿದ್ರು ಅನ್ನೋದು ಅರ್ಧ ಕಿವಿಗೇ ಗೊತ್ತಾಗುತ್ತೆ.

ಬ್ಲಾಗಲ್ಲಿ ಉದ್ದುದ್ದ ಕಥೆ ಇರುತ್ತೆ ಅಂತ ಎಲ್ರೂ ಬೈತಾರೆ, ನಾನು ಬೈಯಲ್ಲ. ಅವರಿಗೆ ದುಡ್ಡು ಬರೋದು ಜಾಹೀರಾತಿಂದ, ಪೇಜ್ ಉದ್ದ ಇದ್ರೆ ಜಾಹೀರಾತಿಗೆ ಜಾಗ, ನಮಗೆ ಪುಕ್ಕಟೆ ರೆಸಿಪಿ. ಬೇಡ ಅಂದ್ರೆ ಮೇಲೆ ಜಂಪ್ ಟು ರೆಸಿಪಿ ಅಂತ ಬಟನ್ ಇರುತ್ತೆ, ಒತ್ತಿ. ಆದ್ರೆ ಒಂದ್ಸಲ ಆದ್ರೂ ಪೂರ್ತಿ ಓದಿ, ಹಿಟ್ಟು ಗಟ್ಟಿಯಾದ್ರೆ ಏನ್ಮಾಡೋದು, ಹುಳಿ ಯಾವಾಗ ಹಾಕೋದು ಅನ್ನೋದೆಲ್ಲ ಆ ಕಥೆ ಮಧ್ಯದಲ್ಲೇ ಅಡಗಿರುತ್ತೆ. ಹುಳಿ ಮೊದ್ಲೇ ಹಾಕಿದ್ರೆ ಬೇಳೆ ತರಕಾರಿ ಬೇಗ ಬೇಯಲ್ಲ, ಇದು ಕೆಳಗಿನ ಚಿಕ್ಕ ಬಾಕ್ಸಲ್ಲಿ ಯಾರೂ ಬರೆದಿರಲ್ಲ.

ಶೇರ್ ಮಾಡೋದು ಹೆಂಗೆ ಅಂದ್ರೆ, ಸೈಟ್ ಹೆಸರು ಕಳಿಸಬೇಡಿ, ಒಂದು ರೆಸಿಪಿ ಲಿಂಕು ಕಳಿಸಿ, ಜೊತೆಗೆ ನೀವು ಮಾಡಿದಾಗ ಏನಾಯ್ತು ಅಂತ ಒಂದು ಸಾಲು. ನಮ್ಮ ಕಸಿನ್ಸ್ ವಾಟ್ಸಾಪ್ ಗ್ರೂಪಲ್ಲಿ ಇದೇ ರೂಲ್ಸು, ಮಾಡದೇ ಫಾರ್ವರ್ಡ್ ಮಾಡಂಗಿಲ್ಲ. "ಮಾಡ್ದೆ, ಬೆಲ್ಲ ಅರ್ಧ ಸಾಕು, ಕಾಯಿ ಇನ್ನೂ ಸ್ವಲ್ಪ ಬೇಕು" ಅಂತ ಬಂದ್ರೆ ಮುಂದಿನ ವಾರ ಇನ್ನಿಬ್ರು ಮಾಡ್ತಾರೆ, ಬರೀ ಲಿಂಕು ಬಂದ್ರೆ ಹೆಬ್ಬೆರಳು ಎತ್ತಿ ಸುಮ್ಮನಾಗ್ತಾರೆ. ನಮ್ಮ ದೊಡ್ಡಮ್ಮ ಒಬ್ರು ಇದಾರೆ, ಲಿಂಕು ತೆಗೆಯೋದೇ ಇಲ್ಲ, ಎಲ್ರ ಫೋಟೋ ಮಾತ್ರ ದೊಡ್ಡದು ಮಾಡಿ ನೋಡಿ "ಒಗ್ಗರಣೆ ಸೀದಿದೆ ಕಣೋ" ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ, ಅದು ಯಾವ ಬ್ಲಾಗಲ್ಲೂ ಸಿಗಲ್ಲ. ಸ್ಕ್ರೀನ್‌ಶಾಟ್ ಹೊಡೆದು ಕಳಿಸೋದು ಬೇಡ, ಪದಾರ್ಥದ ಪಟ್ಟಿ ಯಾರಪ್ಪನ ಆಸ್ತಿನೂ ಅಲ್ಲ ಬಿಡಿ, ಆದ್ರೆ ಅವರು ಬರೆದ ಮಾತು, ತೆಗೆದ ಫೋಟೋ ಅವರದ್ದೇ, ಕಾಪಿರೈಟ್ ಕಾನೂನಿನ ಪ್ರಕಾರನೂ. ಅದೂ ಅಲ್ದೆ ಲಿಂಕ್ ಕೊಟ್ರೆ ಅವರಿಗೆ ನಾಲ್ಕು ಕಾಸು, ಮುಂದೆ ಅವರು ರೆಸಿಪಿ ತಿದ್ದಿದ್ರೆ ನಿಮಗೂ ಗೊತ್ತಾಗುತ್ತೆ.

ನೀವು ಯಾವ ಕಡೆಯವರು ಅಂತ ಹೇಳೇ ಇಲ್ಲ. ಬಳ್ಳಾರಿನೋ ಶಿರಸಿನೋ ಕೋಲಾರನೋ ಹೇಳಿದ್ರೆ ಇನ್ನೂ ಸರಿಯಾಗಿ ಹೇಳಬಹುದು. ಹಂಗೇ ಮಂಡ್ಯ-ರಾಮನಗರ ಕಡೆ ಮಾಂಸದಡುಗೆ ಬಗ್ಗೆ ಕನ್ನಡದಲ್ಲಿ ಅಳತೆ ಸಮೇತ ಬರೆಯೋರು ಯಾರಾದ್ರೂ ನಿಮ್ಮ ಕಣ್ಣಿಗೆ ಬಿದ್ರೆ ದಯವಿಟ್ಟು ಇಲ್ಲೇ ಕೆಳಗೆ ಲಿಂಕ್ ಹಾಕಿ, ನಾನು ಹುಡುಕ್ತಾನೇ ಇದೀನಿ.